ಎಂ-ಪಿ-ಟಿ ಬಂದರೆ ಈಗ ನಾನು ತಡವರಿಸುವುದಿಲ್ಲ

ಎರಡೋ ಮೂರೋ ಅಕ್ಷರ ಬರುತ್ತವೆ. ಅವು ಅದೇ ಕ್ರಮದಲ್ಲಿ ಒಟ್ಟಿಗೆ ಇರುವ ಇಂಗ್ಲಿಷ್ ಪದ ಹೇಳಬೇಕು. ಈ ಆಟದಲ್ಲಿ ನಾನು ಹೆಚ್ಚುಕಮ್ಮಿ ಎರಡು ವರ್ಷ ಸೋತೆ. ಎಂ-ಪಿ-ಟಿ ಬಂದರೆ ‘ಎಂಪ್ಟಿ’ ಒಂದೇ ಗೊತ್ತಿತ್ತು. ಅದನ್ನು ಬೇರೆಯವರು ಹೇಳಿಬಿಟ್ಟರೆ ಔಟ್. ಈಗ ಆ ಗುಂಪಿಗೇ ಇಪ್ಪತ್ತೈದು ಪದ ನಾಲಿಗೆ ತುದಿಯಲ್ಲಿವೆ.

ಮೊದಲು ಎ ಇಂದ ಝಡ್ ತನಕ ಸುಮಾರು 2,000 ಪದ ಬಾಯಿಪಾಠ ಮಾಡಿದೆ. ನಾಲ್ಕು ತಿಂಗಳು ಹೋಯಿತು. ಆಟದಲ್ಲಿ ಕೇಳುವುದು ನಡುವಿನ ಅಕ್ಷರ, ನಾನು ಕಲಿತದ್ದು ಮೊದಲ ಅಕ್ಷರದಿಂದ. ಪದ ಗೊತ್ತಿದ್ದೂ ಬಾಯಿಗೆ ಬರುತ್ತಿರಲಿಲ್ಲ. ಆಮೇಲೆ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಪದ ಹುಡುಕಿ ಕೊಡುತ್ತಿತ್ತು, ನಿಜ. ಮಾರನೇ ದಿನ ತಲೆಯಲ್ಲಿ ಒಂದೂ ಇರುತ್ತಿರಲಿಲ್ಲ. ಪದಗಳ ಕಾರ್ಡ್ ಅಚ್ಚು ಹಾಕಿಸಿದ ದುಡ್ಡೂ ಸುಮ್ನೆ ಹೋಯಿತು. ಕೊನೆಗೆ ಕೈ ಹಿಡಿದದ್ದು ಒಂದು ನೋಟ್‌ಬುಕ್. ಅದಕ್ಕೆ ಆದ ಖರ್ಚು ಆ ಚಂದಾದ ಮುಂದೆ ಏನೇನೂ ಅಲ್ಲ.

ನಾನು ಮಾಡಿದ್ದು ಇಷ್ಟೇ. ಕನ್ನಡ ಓದುವ ಹಾಗೆ ಇಂಗ್ಲಿಷ್ ಓದಿದೆ, ಬರೆದ ಅಕ್ಷರವನ್ನೆಲ್ಲ ಉಚ್ಚರಿಸಿ. ಆಟಮ್ (autumn) ಅನ್ನು ‘ಆಟುಮ್ನ್’, ಕಾಲಮ್ (column) ಅನ್ನು ‘ಕೊಲುಮ್ನ್’, ಹಿಮ್ (hymn) ಅನ್ನು ‘ಹಿಮ್ನ್’. ಎಂ-ಎನ್ ಗುಂಪು ಕಿವಿಗೇ ಕೇಳತೊಡಗಿತು. ಅಸಂಪ್ಷನ್ ಅಂದರೆ ಟಿ ಅಡಗಿಬಿಡುತ್ತದೆ, ‘ಅಸ್ಸುಂಪ್ಟಿಒನ್’ ಅಂದರೆ ಎದ್ದು ಕಾಣುತ್ತದೆ. ರಿಡೆಂಪ್ಷನ್, ಗಂಪ್ಷನ್, ಕನ್ಸಂಪ್ಷನ್ ಎಲ್ಲ ಹೀಗೇ ಸಿಕ್ಕವು, ಸಿಕ್ಕಿದ್ದನ್ನು ಗುಂಪಿನ ಪ್ರಕಾರ ನೋಟ್‌ಬುಕ್‌ನಲ್ಲಿ ಪಟ್ಟಿ ಮಾಡಿದೆ. ‘ನಿನ್ನ ಇಂಗ್ಲಿಷ್ ಕೆಟ್ಟುಹೋಗುತ್ತೆ’ ಎಂದು ಜೊತೆಯವರು ಹೇಳಿದರು. ಮಾತಾಡುವಾಗಿನ ಉಚ್ಚಾರ ಒಂದು ಚೂರೂ ಕೆಡಲಿಲ್ಲ.

ಇನ್ನೊಂದು ಪಟ್ಟಿ ಬೆಸುಗೆಯದು. ಎರಡು ಪದ ಕೂಡಿದ ಜಾಗದಲ್ಲೇ ವಿಚಿತ್ರ ಗುಂಪುಗಳು ಹುಟ್ಟುತ್ತವೆ. ಡಿ-ಕ್ಯು ಬಂದರೆ ಹೆಡ್‌ಕ್ವಾರ್ಟರ್ಸ್. ಎರಡು ಎಚ್ ಬಂದರೆ ವಿತ್‌ಹೋಲ್ಡ್, ಹಿಚ್‌ಹೈಕ್. ಎರಡು ಡಬ್ಲ್ಯು ಬಂದರೆ ಗ್ಲೋವರ್ಮ್. ಕ್ಯಾಚ್‌ಫ್ರೇಸ್ ಬರೆದು ನೋಡಿ, ನಡುವೆ ಆರು ವ್ಯಂಜನ ಸಾಲಾಗಿ ನಿಂತಿವೆ. ಲ್ಯಾಚ್‌ಸ್ಟ್ರಿಂಗ್‌ನಲ್ಲೂ ಆರು. ಅದೇ ಗುಂಗಿನಲ್ಲಿ ಸ್ವರಗಳ ಸಾಲು ಹುಡುಕುತ್ತಾ ಒಂದು ವಾರ ಕಳೆದೆ. ಕ್ಯೂಯಿಂಗ್‌ನಲ್ಲಿ (queueing) ಐದು ಸಿಕ್ಕವು. ಆಟಕ್ಕೆ ಅಷ್ಟೇನೂ ಉಪಯೋಗ ಆಗಲಿಲ್ಲ, ಖುಷಿ ಮಾತ್ರ ಜಾಸ್ತಿ ಆಯಿತು.

ಬೋರ್ಡಿನ ಮೇಲೆ ಅಕ್ಷರದ ಬಿಲ್ಲೆ ಇಟ್ಟು ಪದ ಕಟ್ಟುವ ಸ್ಕ್ರ್ಯಾಬಲ್‌ಗೂ ಇದನ್ನೇ ತಂದು ನೋಡಿದೆ. ಅಲ್ಲಿ ಕೈಯಲ್ಲಿರುವ ಏಳು ಅಕ್ಷರಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು, ಅಲ್ವಾ? ಹಾಗಾಗಿ ಏಳನ್ನೂ ಒಮ್ಮೆಗೇ ಇಟ್ಟು 50 ಅಂಕ ಹೊಡೆಯಲು ಈ ಪಟ್ಟಿಯಿಂದ ಏನೂ ಆಗಲಿಲ್ಲ. ಬೋರ್ಡಿನಲ್ಲಿ ಆಗಲೇ ಕೂತಿರುವ ಎರಡು ಮೂರು ಅಕ್ಷರದ ಎರಡೂ ಪಕ್ಕ ಪದ ಬೆಳೆಸುವಾಗ ಮಾತ್ರ ಚೆನ್ನಾಗಿ ಕೈಗೂಡಿತು.

ಎಕ್ಸ್ ಮತ್ತು ಜೆ ಪಟ್ಟಿ ನನ್ನ ಹತ್ತಿರವೇ ಇರಲಿ, ಅದರಿಂದ ಇನ್ನೂ ಆಟ ಗೆಲ್ಲುವುದಿದೆ. ಮೊನ್ನೆ ಡಬ್ಲ್ಯು-ಕೆ-ಡಬ್ಲ್ಯು ಬಂತು. ಎದುರಿನವರು ‘ಆಕ್ವರ್ಡ್’ ಹೇಳಿ, ಇನ್ನು ಪದವೇ ಇಲ್ಲ ಎಂದು ಒರಗಿ ಕೂತರು. ನಾನು ಒಂದು ಗಿಡದ ಹೆಸರು ಹೇಳಿದೆ, ‘ಹಾಕ್‌ವೀಡ್’ (hawkweed).