ಕರೆಂಟ್ ಹೋದರೂ ಸಿಮ್ಯುಲೇಶನ್ ಮುಂದುವರಿಸಿದ್ದು ಹೇಗೆ: ನನ್ನ ಅನುಭವ

ಶಿರಸಿಯ ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ದರೆ ಕರೆಂಟ್ ಬರುವುದು ಯಾವಾಗಲೋ. ನರಕೋಶಗಳ ಕೆಲಸವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ನ್ಯೂರಾನ್ (NEURON) ಸಾಫ್ಟ್‌ವೇರ್‌ನಲ್ಲಿ ನಾನು ಓಡಿಸುವ ನರಕೋಶಗಳ ನೆಟ್‌ವರ್ಕ್ ಒಂದು ಹದಕ್ಕೆ ಬರುವುದಕ್ಕೇ ಜಾಸ್ತಿ ಹೊತ್ತು ಬೇಕು. ಅದಕ್ಕೇ ಸ್ಥಿತಿಯನ್ನು ಉಳಿಸುವ ದಾರಿ ಹುಡುಕಿದೆ.

ಉಳಿಸುವುದು ಸುಲಭ. ಅದರಲ್ಲೇ ಇರುವ ಸೇವ್‌ಸ್ಟೇಟ್ (SaveState) ಕ್ಲಾಸ್‌ನ ಸೇವ್ ಕರೆದು, ಎಫ್‌ರೈಟ್‌ನಿಂದ (fwrite) ಫೈಲಿಗೆ ಬರೆದರೆ ಆಯ್ತು. ಕೋಶಗಳ ವೋಲ್ಟೇಜ್, ಅಯಾನುಗಳು ಹಾದುಹೋಗುವ ಚಾನೆಲ್‌ಗಳ ಸ್ಥಿತಿ, ಸಮಯ, ಕೊನೆಗೆ ದಾರಿಯಲ್ಲಿರುವ, ಇನ್ನೂ ತಲುಪದ ಸ್ಪೈಕ್‌ಗಳು (ಒಂದು ಕೋಶ ಇನ್ನೊಂದಕ್ಕೆ ಕಳಿಸುವ ಸಂಕೇತಗಳು) ಕೂಡ ಅದರೊಳಗೆ ಬರುತ್ತವೆ. ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ.

ತೊಂದರೆ ಬಂದದ್ದು ವಾಪಸ್ ತರುವಾಗ. ರಿಸ್ಟೋರ್ ಮಾಡಿ ರನ್ ಕೊಟ್ಟರೆ ಸಮಯ ಮತ್ತೆ ಸೊನ್ನೆ, ವೋಲ್ಟೇಜ್ ಮತ್ತೆ ಮೈನಸ್ 65 ಮಿಲಿವೋಲ್ಟ್! ಕಾರಣ ಇಷ್ಟೇ: ರನ್ ತನ್ನೊಳಗೇ ಎಸ್‌ಟಿಡಿಇನಿಟ್ (stdinit) ಕರೆಯುತ್ತದೆ, ಅದು ಎಲ್ಲವನ್ನೂ ಮೊದಲಿನಿಂದ ಶುರು ಮಾಡುತ್ತದೆ, ನಾವು ತಂದದ್ದೆಲ್ಲ ಅಳಿಸಿಹೋಗುತ್ತದೆ.

ಹಾಗಾಗಿ ಕ್ರಮ ಮುಖ್ಯ. ಮೊದಲು ಅದೇ ಮಾಡೆಲ್ ಕಟ್ಟಬೇಕು, ಸೆಕ್ಷನ್ (ಕೋಶದ ಭಾಗ), ಸೆಗ್ಮೆಂಟ್ (ಆ ಭಾಗದ ತುಂಡು), ಸಿನಾಪ್ಸ್ (ಕೋಶಗಳ ನಡುವಿನ ಕೊಂಡಿ) ಎಲ್ಲ ಅಷ್ಟೇ ಇರಬೇಕು, ಯಾಕಂದರೆ ಫೈಲಿನಲ್ಲಿ ಸ್ಥಿತಿ ಮಾತ್ರ ಇರುತ್ತದೆ, ಮಾಡೆಲ್ ಇರುವುದಿಲ್ಲ. ಆಮೇಲೆ ಎಸ್‌ಟಿಡಿಇನಿಟ್. ಅದಾದ ಮೇಲೆ ಫೈಲ್ ಓದುವ ಎಫ್‌ರೀಡ್ (fread), ರಿಸ್ಟೋರ್. ಬದಲಾಗುವ ಟೈಮ್‌ಸ್ಟೆಪ್ (ಲೆಕ್ಕದ ಸಮಯದ ಹೆಜ್ಜೆ) ಇದ್ದರೆ, ಅದನ್ನು ನೋಡಿಕೊಳ್ಳುವ ಸಿವೋಡ್‌ನ (CVode) ರೀಇನಿಟ್ (re_init), ಇಲ್ಲದಿದ್ದರೆ ಎಫ್‌ಕರೆಂಟ್ (fcurrent). ಬೆಲೆಗಳನ್ನು ರೆಕಾರ್ಡ್ ಮಾಡುವ ವೆಕ್ಟರ್‌ಗಳಿದ್ದರೆ (ಅಂಕಿಗಳ ಪಟ್ಟಿಗಳು) ಎಫ್‌ರೆಕಾರ್ಡ್‌ಇನಿಟ್ (frecord_init) ಕೂಡ ಬೇಕು, ಇಲ್ಲವಾದರೆ ಗ್ರಾಫಿನ ಮೊದಲ ಬಿಂದು ಹಳೆಯದೇ ಇರುತ್ತದೆ. ಕೊನೆಗೆ ರನ್ ಬೇಡ, ಇದ್ದಲ್ಲಿಂದಲೇ ಮುಂದುವರಿಸುವ ಕಂಟಿನ್ಯೂರನ್ (continuerun).

ಸುಮ್ನೆ ನಂಬಬೇಡಿ. ಒಮ್ಮೆ ನಿಲ್ಲಿಸದೆ ಓಡಿಸಿ, ಇನ್ನೊಮ್ಮೆ ಮಧ್ಯದಿಂದ ಎಬ್ಬಿಸಿ, ಎರಡೂ ಗ್ರಾಫ್ ಒಂದರ ಮೇಲೊಂದು ಹಾಕಿ ನೋಡಿ. ನನ್ನವು ಕೂಡಿಕೊಂಡವು.