ಪೇ ಸ್ಲಿಪ್‌ನಲ್ಲಿ ಹೆಲ್ಪರ್, ಮೆಷಿನ್ ಮೇಲೆ ಟೈಲರ್: ಸರಿ ಮಾಡಿಸುವುದು ಹೇಗೆ?

ಬೆಂಗಳೂರಿನ ಪೀಣ್ಯವಾಗಲಿ, ಬೊಮ್ಮನಹಳ್ಳಿಯಾಗಲಿ, ಯಾವ ಗಾರ್ಮೆಂಟ್ಸ್ ಒಳಗೆ ಹೋದರೂ ಮೆಷಿನ್ ಮುಂದೆ ಕೂತವರು ಬಹುಪಾಲು ಹೆಂಗಸರು. ಕಟಿಂಗ್ ಮಾಸ್ಟರ್, ಮೆಕ್ಯಾನಿಕ್, ಫ್ಲೋರ್ ಇನ್‌ಚಾರ್ಜ್ ಹೆಚ್ಚಾಗಿ ಗಂಡಸರು. ಇದು ಎಲ್ಲರಿಗೂ ಕಾಣುತ್ತದೆ. ಕಾಣದೇ ಇರುವುದು ಇನ್ನೊಂದಿದೆ: ಹೆಲ್ಪರ್ ಅಂತ ಸೇರಿಸಿಕೊಂಡು, ಕೆಲವೇ ತಿಂಗಳಲ್ಲಿ ಕಾಲರ್ ಹೊಲಿಯಲು ಕೂರಿಸಿ, ಸಂಬಳ ಮಾತ್ರ ಹೆಲ್ಪರ್‌ದೇ ಕೊಡುವುದು. ನನಗೆ ಎರಡು ವರ್ಷ ಹಾಗೇ ನಡೆಯಿತು. ಕೇಳಬಹುದು ಅಂತಲೇ ಗೊತ್ತಿರಲಿಲ್ಲ.

ಮೊದಲು ಪೇ ಸ್ಲಿಪ್ ತೆಗೆದು ಹುದ್ದೆ, ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ) ಮೂರನ್ನೂ ನೋಡಿ. ಕನಿಷ್ಠ ವೇತನದ ಸರ್ಕಾರಿ ಪಟ್ಟಿಯಲ್ಲಿ ಕೆಲಸಕ್ಕೆ ತಕ್ಕಂತೆ, ಊರಿಗೆ ತಕ್ಕಂತೆ ದರ ಬೇರೆ ಬೇರೆ ಇರುತ್ತದೆ, ಡಿಎ ಪ್ರತಿ ಏಪ್ರಿಲ್‌ಗೆ ಬದಲಾಗುತ್ತದೆ, ಹಾಗಾಗಿ ಹಳೇ ಪಟ್ಟಿ ಇಟ್ಟುಕೊಂಡು ಹೋಗಬೇಡಿ. ಹೆಲ್ಪರ್, ಟೈಲರ್ ದರದ ವ್ಯತ್ಯಾಸ ಸಣ್ಣದು ಅನಿಸಬಹುದು. ಆದರೆ ಶೇ. 12ರ ಪಿಎಫ್, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಬರುವ ಗ್ರಾಚ್ಯುಟಿ, ಹೆಚ್ಚಿನ ಗಂಟೆ ಕೆಲಸಕ್ಕೆ ಸಿಗುವ ಡಬಲ್ ಓಟಿ, ಎಲ್ಲವೂ ಸಂಬಳದ ಮೇಲೇ ನಿಂತಿವೆ. ಇಲ್ಲಿ ಕಮ್ಮಿಯಾದರೆ ಎಲ್ಲದರಲ್ಲೂ ಕಮ್ಮಿ.

ಆಮೇಲೆ ಒಂದು ಸಣ್ಣ ನೋಟ್‌ಬುಕ್ ಇಡಿ. ತಾರೀಖು, ಬ್ಯಾಚ್, ಯಾವ ಆಪರೇಷನ್ (ಕಾಲರ್, ತೋಳು ಹೀಗೆ ಯಾವ ಭಾಗದ ಹೊಲಿಗೆ), ಗಂಟೆಗೆ ಎಷ್ಟು ಪೀಸ್. ಒಂದು ತಿಂಗಳು ಸಾಕು. ಪಕ್ಕದ ಮೆಷಿನ್‌ನಲ್ಲಿ ಅದೇ ಕೆಲಸ ಮಾಡುವ ಗಂಡಸಿಗೆ ಜಾಸ್ತಿ ಸಿಗುತ್ತಿದ್ದರೆ ಅದನ್ನೂ ಬರೆಯಿರಿ. ಒಂದೇ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಸಂಬಳ ಕೊಡಬಾರದು ಅಂತ 1976ರಲ್ಲೇ ಕಾನೂನು ಬಂತು, 2019ರ ವೇತನ ಸಂಹಿತೆಯಲ್ಲೂ ಅದೇ ಇದೆ.

ಎಚ್‌ಆರ್ ಹತ್ತಿರ ಒಬ್ಬರೇ ಹೋಗಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಒಬ್ಬಳು ಕೇಳಿದರೆ ಮಾರನೇ ದಿನ ಅವಳ ಟಾರ್ಗೆಟ್ ಏರುತ್ತದೆ, ನೀರು ಕುಡಿಯಲು ಎದ್ದರೂ ಬೈಗುಳ. ನಿಮ್ಮಂತೆಯೇ ಇರುವ ಐದಾರು ಜನ ಸೇರಿ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಿಸಿದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗೆ ಬಂದರು, ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಅಂಥ ದೊಡ್ಡ ಗುಂಪು ಬೇಕಿಲ್ಲ, ನಿಮ್ಮ ಬ್ಯಾಚ್‌ನ ಅಕ್ಕಂದಿರು ಸಾಕು.

ಬಾಯಲ್ಲಿ ಹೇಳಿ ಬರಬೇಡಿ. ಅರ್ಜಿ ಎರಡು ಪ್ರತಿ ಬರೆದು, ಒಂದರ ಮೇಲೆ ತಲುಪಿದೆ ಅಂತ ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅದೇ ಅರ್ಜಿಯಲ್ಲಿ ಸೂಪರ್‌ವೈಸರ್ ಟ್ರೈನಿಂಗ್‌ಗೆ ನಮ್ಮನ್ನೂ ಪರಿಗಣಿಸಿ ಅಂತ ಒಂದು ಸಾಲು ಸೇರಿಸಿ, ಯಾಕೆಂದರೆ ಹೆಂಗಸರು ಯಾರೂ ಕೇಳಲೇ ಇಲ್ಲ ಅನ್ನೋ ಉತ್ತರ ನಾನು ಬಹಳ ಸಲ ಕೇಳಿದ್ದೇನೆ. ಖಾಲಿ ಕಾಗದಕ್ಕೆ ಮಾತ್ರ ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ಯಾರಾದರೂ ಕೆಟ್ಟದಾಗಿ ಮಾತಾಡಿದರೆ, ಮೈ ಮುಟ್ಟಿದರೆ ಅದು ಬೇರೆ ದೂರು. ಫ್ಯಾಕ್ಟರಿಯ ಆಂತರಿಕ ಸಮಿತಿಗೆ 3 ತಿಂಗಳೊಳಗೆ ಬರೆದು ಕೊಡಬೇಕು.

ಎಚ್‌ಆರ್ ಸುಮ್ನೆ ದಿನ ತಳ್ಳಿದರೆ ಯೂನಿಯನ್‌ನವರ ಜೊತೆ ಕಾರ್ಮಿಕ ನಿರೀಕ್ಷಕರ ಹತ್ತಿರ ಹೋಗಿ. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ವಿಚಾರಿಸಬಹುದು. ನೋಟ್‌ಬುಕ್, ಸ್ಲಿಪ್, ಅರ್ಜಿಯ ಪ್ರತಿ, ಮೂರರ ಜೆರಾಕ್ಸ್ ಕೊಡಿ, ಒರಿಜಿನಲ್ ನಿಮ್ಮ ಹತ್ತಿರವೇ ಇರಲಿ.

ಹುದ್ದೆ ಬದಲಾಯಿತು ಅಂದಾಗ ಮುಂದಿನ ಸ್ಲಿಪ್‌ನಲ್ಲಿ ಬೇಸಿಕ್ ಕೂಡ ಏರಿದೆಯಾ ನೋಡಿ. ನನ್ನದರಲ್ಲಿ ಟೈಲರ್ ಅನ್ನೋ ಹೆಸರು ಮಾತ್ರ ಬಂದಿತ್ತು, ದುಡ್ಡಿಗಾಗಿ ಮತ್ತೊಂದು ಅರ್ಜಿ ಬರೆಯಬೇಕಾಯಿತು.