ಟ್ರ್ಯಾಕ್‌ಗೆ ಹೋಗುವ ಮುಂಚೆ: ಮೊದಲು ಬ್ರೇಕ್ ಆಯಿಲ್, ಆಮೇಲೆ ಪ್ಯಾಡ್

ರೇಸ್ ಟ್ರ್ಯಾಕ್‌ನಲ್ಲಿ ಕಾರು ಓಡಿಸಬೇಕು ಅಂದುಕೊಂಡ ಕೂಡಲೇ ಎಲ್ಲರೂ ಬ್ರೇಕ್ ಪ್ಯಾಡ್ (ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪಟ್ಟಿ) ಹುಡುಕಲು ಶುರು ಮಾಡುತ್ತಾರೆ. ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಅದನ್ನು ಮೊದಲು ಬ್ರೇಕ್ ಆಯಿಲ್‌ಗೆ ಹಾಕಿ. ಪ್ಯಾಡ್ ಕೈಕೊಡುವಾಗ ಸಾಮಾನ್ಯವಾಗಿ ಸ್ವಲ್ಪ ಸುಳಿವು ಸಿಗುತ್ತದೆ. ಆಯಿಲ್ ಕುದಿದರೆ ಪೆಡಲ್ ಒಂದೇ ಸಲಕ್ಕೆ ನೆಲ ಮುಟ್ಟುತ್ತದೆ.

ನನ್ನ ಮೊದಲ ಟ್ರ್ಯಾಕ್ ದಿನವೇ ಹೀಗಾಯಿತು. ಉದ್ದನೆಯ ಸ್ಟ್ರೇಟ್ ಮುಗಿಯುವಲ್ಲಿ ಬ್ರೇಕ್ ಒತ್ತಿದೆ, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು, ಬೇಗ ಬೇಗ ಎರಡು ಮೂರು ಸಲ ಪಂಪ್ ಮಾಡಿದ ಮೇಲಷ್ಟೇ ಹಿಡಿಯಿತು. ಪ್ಯಾಡ್ ಹೊಚ್ಚ ಹೊಸದು. ಆಯಿಲ್ ಎರಡು ವರ್ಷ ಹಳೆಯದು!

ಬಿಸಿ ಎಷ್ಟಿರುತ್ತದೆ ಅಂತ ಒಂದು ಲೆಕ್ಕ ನೋಡಿ. 1,200 ಕೆಜಿ ಕಾರನ್ನು 160 ಕಿಮೀ ವೇಗದಿಂದ 60ಕ್ಕೆ ಇಳಿಸಿದರೆ, ಬ್ರೇಕ್ ನುಂಗುವ ಶಾಖದಲ್ಲಿ ಸುಮಾರು ಮೂರು ಲೀಟರ್ ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ಇದು ಒಂದು ತಿರುವಿಗೆ ಮಾತ್ರ. ಪ್ರತಿ ಲ್ಯಾಪ್‌ನಲ್ಲೂ ಇಂಥವು ನಾಲ್ಕೈದು ಇರುತ್ತವೆ, ಮಧ್ಯೆ ಆರಲು ಕೆಲವೇ ಸೆಕೆಂಡು.

ಮಾಮೂಲಿ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಕುದಿದಾಗ ಏಳುವ ಗುಳ್ಳೆಗಳು ಕಾಲಿನ ಒತ್ತಡಕ್ಕೆ ಕುಗ್ಗುತ್ತವೆ, ಆ ಒತ್ತಡ ಕ್ಯಾಲಿಪರ್‌ಗೆ, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗಕ್ಕೆ, ಹೋಗುವುದೇ ಇಲ್ಲ. ಅದಕ್ಕೇ ಡಬ್ಬಿಯ ಮೇಲೆ ಡ್ರೈ, ವೆಟ್ ಅಂತ ಎರಡು ಅಂಕಿ ಇರುತ್ತವೆ. ಡ್ರೈ ಅಂದರೆ ಹೊಸ ಆಯಿಲ್‌ನ ಕುದಿಬಿಂದು, ವೆಟ್ ಅಂದರೆ ಸುಮಾರು 3.7% ನೀರು ಸೇರಿದ ಮೇಲಿನ ಕುದಿಬಿಂದು. ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ: ಡಾಟ್ 4ಕ್ಕೆ ಕನಿಷ್ಠ 230 ಮತ್ತು 155 ಡಿಗ್ರಿ, ಡಾಟ್ 5.1ಕ್ಕೆ 260 ಮತ್ತು 180 ಡಿಗ್ರಿ ಇರಬೇಕು. ರೇಸಿಂಗ್ ಆಯಿಲ್‌ಗಳು ಇದಕ್ಕಿಂತ ತುಂಬಾ ಮೇಲೆ. ಮೋಟುಲ್ ಆರ್‌ಬಿಎಫ್ 600ರ ಡ್ರೈ ಅಂಕಿ 312 ಡಿಗ್ರಿ, ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್‌ನ ವೆಟ್ ಅಂಕಿಯೇ 270ರ ಹತ್ತಿರ. ವರ್ಷಕ್ಕೆ ಒಂದೆರಡು ಸಲ ಹೋಗುವವರು, ಪ್ರತಿ ಸಲವೂ ಹೋಗುವ ಮುಂಚೆ ಆಯಿಲ್ ಬದಲಿಸುವುದಾದರೆ, ಡ್ರೈ ಅಂಕಿ ನೋಡಿದರೆ ಸಾಕು. ತಿಂಗಳುಗಟ್ಟಲೆ ಒಳಗೇ ಬಿಡುವವರು ವೆಟ್ ಅಂಕಿ ನೋಡಿ.

ಬರೀ ಡಾಟ್ 5 ಅಂತ ಬರೆದಿದ್ದರೆ ಮುಟ್ಟಬೇಡಿ. ಅದು ಸಿಲಿಕೋನ್, 5.1 ಜೊತೆ ಬೆರೆಯುವುದಿಲ್ಲ, ಎಬಿಎಸ್ ಇರುವ ಕಾರಿಗೂ ಸರಿಹೋಗುವುದಿಲ್ಲ.

ಆಯಿಲ್ ಬದಲಿಸುವಾಗ ಕ್ಯಾಲಿಪರ್ ನಿಪ್ಪಲ್‌ಗೆ (ಹಳೆ ಆಯಿಲ್ ಹೊರಬಿಡುವ ಸಣ್ಣ ಮೂತಿ) ಪಾರದರ್ಶಕ ಪೈಪ್ ಹಾಕಿ. ಮೊದಲು ಚಹಾ ಡಿಕಾಕ್ಷನ್ ಬಣ್ಣದ್ದು ಬರುತ್ತದೆ, ನಡುನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆ. ತಿಳಿ ಬಣ್ಣದ ಹೊಸ ಆಯಿಲ್ ಒಂದೂ ಗುಳ್ಳೆ ಇಲ್ಲದೆ ಬರುವ ತನಕ ಬಿಡಬೇಡಿ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲು ಬಿಟ್ಟರೆ ಏರ್ ಒಳಗೆ ಹೋಗಿ ಮತ್ತೆ ಮೊದಲಿಂದ ಶುರು ಮಾಡಬೇಕು. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ತಿಂದುಹಾಕುತ್ತದೆ.

ಇನ್ನು ಪ್ಯಾಡ್. ಇಲ್ಲಿ ನೋಡಬೇಕಾದದ್ದು ಅದು ಎಷ್ಟು ಬಿಸಿಯಿಂದ ಎಷ್ಟು ಬಿಸಿಯ ತನಕ ಕೆಲಸ ಮಾಡುತ್ತದೆ ಅನ್ನುವುದು. ರಸ್ತೆಯ ಪ್ಯಾಡ್ ತಣ್ಣಗಿದ್ದಾಗಲೇ ಚೆನ್ನಾಗಿ ಹಿಡಿಯುತ್ತದೆ, ಟ್ರ್ಯಾಕ್ ಬಿಸಿಗೆ ಹಿಡಿತ ಬಿಡುತ್ತದೆ. ಪೂರ್ತಿ ರೇಸ್ ಪ್ಯಾಡ್ ಇದರ ಉಲ್ಟಾ, ಬಿಸಿಯಾಗುವ ತನಕ ಸರಿಯಾಗಿ ಹಿಡಿಯುವುದೇ ಇಲ್ಲ, ಕಿರುಚುತ್ತದೆ, ಡಿಸ್ಕನ್ನೂ ಬೇಗ ಸವೆಸುತ್ತದೆ. ಅದನ್ನು ಹಾಕಿಕೊಂಡು ದಿನಾ ಆಫೀಸಿಗೆ ಹೋಗುವುದು ಅಪಾಯ ಅಂತಲೇ ನನ್ನ ಅಭಿಪ್ರಾಯ. ಅದೇ ಕಾರಲ್ಲಿ ಮನೆಗೆ ವಾಪಸ್ ಬರಬೇಕು ಅಲ್ವಾ? ಹಾಗಾದರೆ ರಸ್ತೆಗೂ ಟ್ರ್ಯಾಕ್‌ಗೂ ಆಗುವ ಮಧ್ಯಮ ಪ್ಯಾಡ್ ತಗೊಳ್ಳಿ. ಇಲ್ಲವೇ ಎರಡು ಸೆಟ್ ಇಟ್ಟುಕೊಂಡು ಅಲ್ಲೇ ಬದಲಿಸಿ. ಹಿಂದಿನ ಚಕ್ರಕ್ಕೆ ಮಾತ್ರ ಜೋರು ಪ್ಯಾಡ್ ಹಾಕಬೇಡಿ, ಬ್ರೇಕ್ ಒತ್ತಿದಾಗ ಹಿಂಭಾಗ ತಿರುಗಿಬಿಡಬಹುದು. ಅರ್ಧ ಸವೆದ ಪ್ಯಾಡ್ ರಸ್ತೆಗೆ ಸಾಕು, ಟ್ರ್ಯಾಕ್‌ಗೆ ಬೇಡ. ತೆಳ್ಳಗಾದಷ್ಟೂ ಬಿಸಿ ಸೀದಾ ಆಯಿಲ್‌ಗೆ ದಾಟುತ್ತದೆ.

ಹೊಸ ಪ್ಯಾಡ್ ಹಾಕಿದ ಕೂಡಲೇ ಜೋರಾಗಿ ಓಡಿಸಬೇಡಿ. ಮೊದಲು ಕಂಪನಿ ಹೇಳಿದ ಹಾಗೆ ಪಳಗಿಸಿ: ನಿಧಾನಕ್ಕೆ ಶುರು ಮಾಡಿ, ಪೂರ್ತಿ ನಿಲ್ಲಿಸದೆ, ಒಂದೊಂದು ಸಲಕ್ಕೂ ಸ್ವಲ್ಪ ಜಾಸ್ತಿ ಒತ್ತುತ್ತಾ, ಕೊನೆಗೆ ಬ್ರೇಕ್ ಮುಟ್ಟದೆ ಓಡಿಸಿ ಆರಿಸುವುದು. ಆಗ ಪ್ಯಾಡ್‌ನ ತೆಳು ಪದರ ಡಿಸ್ಕ್ ಮೇಲೆ ಸಮನಾಗಿ ಕೂರುತ್ತದೆ.

ಓಡಿಸುವಾಗ ಏನು ಕೈಕೊಟ್ಟಿತು ಅಂತ ಕಾಲೇ ಹೇಳುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ. ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಆಯಿಲ್ ಕುದಿದಿದೆ, ಅವತ್ತು ಏರ್ ತೆಗೆಯದೆ ಮತ್ತೆ ಟ್ರ್ಯಾಕ್‌ಗೆ ಇಳಿಯಬೇಡಿ.

ಕೊನೆಯ ಲ್ಯಾಪ್ ನಿಧಾನಕ್ಕೆ ಓಡಿಸಿ, ಬ್ರೇಕ್ ಆದಷ್ಟೂ ಮುಟ್ಟಬೇಡಿ. ಒಳಗೆ ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್‌ನಲ್ಲಿ ಬಿಡಿ, ಚಕ್ರಕ್ಕೆ ಒಂದು ಕಲ್ಲು ಕೊಡಿ.